ಕೀಲಿಕೈ ಯಾರ ಸೊಂಟದಲ್ಲಿದೆ

ಕೂಡುಕುಟುಂಬದಲ್ಲಿ ಯಜಮಾನಿಕೆ ಯಾರದೆಂದು ತಿಳಿಯಲು ಪಂಕ್ತಿಯಲ್ಲಿ ಕೂತ ತಲೆಗಳನ್ನು ಎಣಿಸಬೇಕಾಗಿಲ್ಲ. ಉಗ್ರಾಣದ ಕೀಲಿಕೈ ಯಾರ ಸೊಂಟದಲ್ಲಿದೆ ಎಂದು ನೋಡಿದರೆ ಸಾಕು. ಬ್ರಿಟಿಷರ ಕಾಲದ ನಗರಸಭೆಗಳ ಸುಧಾರಣೆಯನ್ನು ನಾವು ಮಾತ್ರ ತಲೆ ಎಣಿಸಿಯೇ ಅಳೆಯುತ್ತ ಬಂದಿದ್ದೇವೆ. ಚುನಾಯಿತರು ಎಷ್ಟು, ನಾಮಕರಣಗೊಂಡವರು ಎಷ್ಟು ಎಂಬ ಲೆಕ್ಕ ಬೇಕು, ನಿಜ. ಆದರೆ ಅದು ಅರ್ಧ ಲೆಕ್ಕ.

1865ರಲ್ಲಿ ಮುಂಬಯಿಯ ಆಡಳಿತವನ್ನು ಆರ್ಥರ್ ಕ್ರಾಫರ್ಡ್ ಎಂಬ ಮುನಿಸಿಪಲ್ ಕಮಿಷನರನ ಕೈಗೆ ಕೊಟ್ಟರು. ಅವನ ಮೇಲೆ ಕಣ್ಣಿಡಬೇಕಾದವರು ಸರ್ಕಾರವೇ ನೇಮಿಸಿದ ಜಸ್ಟಿಸ್ ಆಫ್ ಪೀಸ್‌ಗಳು. ಕ್ರಾಫರ್ಡ್ ಕೆಲಸಗಾರ. ಅವನ ಹೆಸರಿನ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ತಲೆಯೆತ್ತಿದರೆ, ಲಾಕ್‌ವುಡ್ ಕಿಪ್ಲಿಂಗ್ ರೂಪಿಸಿದ ಕಲ್ಲಿನ ರೈತರು ಇವತ್ತಿಗೂ ಕಾಣುತ್ತಾರೆ. ಆದರೆ ಖರ್ಚು ಕೈಮೀರಿತು, ತೆರಿಗೆ ಕಟ್ಟುವವರು 1871ರಲ್ಲಿ ತಿರುಗಿಬಿದ್ದರು. ಆ ಗದ್ದಲದ ನಡುವೆ ಇಪ್ಪತ್ತಾರು ವರ್ಷದ ಫಿರೋಜ್‌ಷಾ ಮೆಹ್ತಾ ಎದ್ದು ಜನಕ್ಕೆ ಹಿಡಿಸದ ಮಾತು ಹೇಳಿದರು: ಕೆಲಸ ಒಬ್ಬನ ಕೈಯಲ್ಲಿರುವುದು ತಪ್ಪಲ್ಲ, ಅವನ ಲೆಕ್ಕ ಕೇಳುವ ಸಭೆ ಜನರದಾಗಿಲ್ಲದಿರುವುದೇ ತಪ್ಪು. ಈ ಮಾತು ಸರಿ ಎಂದೇ ನಾನು ತಿಳಿದಿದ್ದೇನೆ. ಮೋರಿ ಕಟ್ಟಲು ಅರವತ್ತು ಕೈ ಬೇಡ, ಕಟ್ಟಿದವನನ್ನು ಕೇಳಲು ಬೇಕು.

1872ರ ಕಾಯ್ದೆ 64 ಜನರ ಸಭೆ ಮಾಡಿತು. ಅರ್ಧದಷ್ಟು ಮಂದಿಯನ್ನು ತೆರಿಗೆದಾರರು ಆರಿಸಬಹುದಿತ್ತು. 1888ರ ಕಾಯ್ದೆ ರೂಪುಗೊಳ್ಳುವಾಗ ಮೆಹ್ತಾ, ಕಾಶಿನಾಥ ತೆಲಂಗ್ ಇಬ್ಬರೂ ಪಟ್ಟುಹಿಡಿದು ದುಡಿದರು. ಸಭೆ 72ಕ್ಕೆ ಬೆಳೆಯಿತು. ಕಮಿಷನರನನ್ನು ನೇಮಿಸುವ ಅಧಿಕಾರ ಸರ್ಕಾರದಲ್ಲೇ ಉಳಿಯಿತು. ಅವನನ್ನು ಇಳಿಸಲು 45 ಸದಸ್ಯರು ಒಟ್ಟಾಗಬೇಕು. ಸರ್ಕಾರದ ಕೃಪೆಯಿಂದ ಬಂದವರೂ ಕೂತಿದ್ದ ಸಭೆಯಲ್ಲಿ ಅದು ಎಷ್ಟು ದೂರದ ಮಾತು!

ಕಲ್ಕತ್ತೆಯಲ್ಲಿ ನಡೆದದ್ದು ಇನ್ನೂ ಕಣ್ಣು ತೆರೆಸುವಂಥದು. ಜನರಿಗೆ ರಾಜಕೀಯ ಶಿಕ್ಷಣ ಸಿಗಲಿ ಎಂದು 1882ರಲ್ಲಿ ರಿಪ್ಪನ್ ಸ್ಥಳೀಯ ಆಡಳಿತದ ಬಾಗಿಲು ತೆರೆದಿದ್ದ. ಹದಿನೇಳೇ ವರ್ಷದಲ್ಲಿ, ಕರ್ಜನ್ ಕಾಲಕ್ಕೆ, ಅದೇ ಬಾಗಿಲು ಮುಚ್ಚತೊಡಗಿತು. 75 ಸದಸ್ಯರಲ್ಲಿ 50 ಮಂದಿ ಚುನಾಯಿತರಿದ್ದ ಸಭೆ 1899ರ ಕಾಯ್ದೆಯಿಂದ 50ಕ್ಕೆ ಇಳಿಯಿತು, ಚುನಾಯಿತರು 25ಕ್ಕೆ. ಅಧ್ಯಕ್ಷ ಸರ್ಕಾರದವನೇ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾದ ಕೆಲಸ 12 ಜನರ ಜನರಲ್ ಕಮಿಟಿಗೆ ಜಾರಿತು. ಅಲ್ಲಿ ಚುನಾಯಿತರು ಕಳಿಸಿದವರು ನಾಲ್ಕೇ ಜನ. ಸುರೇಂದ್ರನಾಥ ಬ್ಯಾನರ್ಜಿ ಸೇರಿ 28 ಸದಸ್ಯರು ರಾಜೀನಾಮೆ ಬಿಸಾಕಿ ಹೊರಬಂದರು.

ಅದೇ ಬ್ಯಾನರ್ಜಿ ಮುಂದೆ ಬಂಗಾಳದ ಮಂತ್ರಿಯಾಗಿ 1923ರಲ್ಲಿ ಹೊಸ ಕಾಯ್ದೆ ತಂದರು. ಮೇಯರನನ್ನು ಸಭೆ ಆರಿಸಬೇಕು, ಮುಖ್ಯ ಕಾರ್ಯನಿರ್ವಾಹಕನನ್ನೂ ಸಭೆಯೇ ನೇಮಿಸಬೇಕು, ಸರ್ಕಾರದ ಒಪ್ಪಿಗೆಯೊಂದು ಬೇಕಷ್ಟೆ. ಕೀಲಿಕೈ ಸೊಂಟ ಬದಲಿಸಿದ್ದು ಆಗ. 1924ರಲ್ಲಿ ಚಿತ್ತರಂಜನ ದಾಸ್ ಮೇಯರ್ ಆದರು, ಸುಭಾಷಚಂದ್ರ ಬೋಸ್ ಮುಖ್ಯ ಅಧಿಕಾರಿಯಾದರು. ಅದೇ ಅಕ್ಟೋಬರಿನಲ್ಲಿ ಬೋಸರನ್ನು ಬಂಧಿಸಿ, ಆಮೇಲೆ ಮಂಡಾಲೆಗೆ ಸಾಗಿಸಿದರು. ಸಭೆಯಲ್ಲಿ ಭಾಷಣ ಮಾಡುವವರನ್ನು ಸಹಿಸಿಕೊಂಡಿದ್ದ ಆಳರಸರಿಗೆ, ನಗರದ ಕೆಲಸವನ್ನೇ ಕೈಯಲ್ಲಿ ಹಿಡಿದ ಕ್ರಾಂತಿಯ ಹುಡುಗ ನುಂಗಲಾರದ ತುತ್ತಾಗಿದ್ದ.

ನಮ್ಮ ನಗರಗಳಿಗೆ ಬಳುವಳಿಯಾಗಿ ಬಂದದ್ದು ಮುಂಬಯಿಯ ಮಾದರಿ. 1976ರ ಕರ್ನಾಟಕ ಪೌರನಿಗಮ ಕಾಯ್ದೆಯಲ್ಲೂ ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರವೇ. ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು, ಕಚೇರಿ ಒಂದು ದಿನವೂ ಮುಚ್ಚಲಿಲ್ಲ. ಇದು ನನ್ನನ್ನು ತುಂಬ ಕಾಡಿದೆ. ಸಭೆಯೇ ಇಲ್ಲದೆ ನಡೆಯುವ ಯಂತ್ರ, ಸಭೆ ಇದ್ದಾಗಲೂ ಅದರ ಮಾತು ಎಷ್ಟು ಕೇಳುತ್ತಿತ್ತು?

ಕಾರ್ಪೊರೇಟರುಗಳಿಲ್ಲದೆ ಕೆಲಸ ಚೆನ್ನಾಗಿಯೇ ಆಗುತ್ತದೆ ಎನ್ನುವವರನ್ನು ಕಂಡಿದ್ದೇನೆ. ಕ್ರಾಫರ್ಡನ ಕಾಲದಲ್ಲೂ ಕೆಲಸ ಆಗಿತ್ತು. ವಾರ್ಡುಗಳನ್ನು ಮರುವಿಂಗಡಿಸಿ, ಸ್ಥಾನ ಹೆಚ್ಚಿಸಿ, ಮೀಸಲಾತಿ ಸರಿಪಡಿಸಿ, ಎಲ್ಲ ಆಗಲಿ. ಜೊತೆಗೇ ಆಯುಕ್ತರ ನೇಮಕದಲ್ಲಿ, ವರ್ಗಾವಣೆಯಲ್ಲಿ ಪಾಲಿಕೆಯ ಸಭೆಗೆ ನಿರ್ಣಾಯಕ ಮಾತಿರಲಿ. ಅವರ ಸಂಬಳ ಹೋಗುವುದು ನಾವು ಕಟ್ಟುವ ಕಂದಾಯದಿಂದ.