ಸೊನ್ನೆ ಎಂದ ಶಾಲೆಗೆ ಮೊದಲು ಹೋಗಿ

ಮಕ್ಕಳ ಮೇಲಿನ ಆನ್‌ಲೈನ್ ಕಿರುಕುಳದಲ್ಲಿ ಭಾರತವೇ ನಂಬರ್ ಒನ್ ಎಂಬ ಸುದ್ದಿ ಆಗಾಗ ತಲೆ ಎತ್ತುತ್ತದೆ. ಅದಕ್ಕೆ ಹೆಚ್ಚಾಗಿ ಆಧಾರ ಮಾಡಿಕೊಳ್ಳುವುದು ಇಪ್ಸೋಸ್ ಎಂಬ ಸಮೀಕ್ಷಾ ಸಂಸ್ಥೆಯ 2018ರ ವರದಿಯನ್ನು. 28 ದೇಶಗಳಲ್ಲಿ ಮೊದಲ ಸ್ಥಾನ ನಮ್ಮದು, ಶೇ 37. ರಷ್ಯಾ, ಜಪಾನ್ ತಳದಲ್ಲಿ. ಸಂಸ್ಕಾರ ಕೆಟ್ಟಿತು ಎಂದು ಕೆಲವರು ಹಲುಬುತ್ತಾರೆ, ದೇಶದ ಮಾನ ಕಳೆಯುವ ಹುನ್ನಾರ ಎಂದು ಇನ್ನು ಕೆಲವರು ಕೂಗಾಡುತ್ತಾರೆ. ಇಬ್ಬರೂ ಪಟ್ಟಿಯನ್ನು ತಪ್ಪಾಗಿ ಓದಿದ್ದಾರೆ.

ಆ ಸಮೀಕ್ಷೆ ಮಕ್ಕಳನ್ನು ಮಾತನಾಡಿಸಲೇ ಇಲ್ಲ. ಕೇಳಿದ್ದು ಹೆತ್ತವರನ್ನು, ಅದೂ ಇಂಟರ್ನೆಟ್‌ನಲ್ಲಿ. ಶೇ 37 ಎಂದರೆ ತಮ್ಮ ಮಗು ಕಿರುಕುಳ ಅನುಭವಿಸಿದೆ ಎಂದ ಹೆತ್ತವರ ಪಾಲು. ಹಾಗಾಗಿ ಇಲ್ಲಿಂದ ಉತ್ತರಿಸಿದವರು ಬಹುಪಾಲು ನಗರದ, ಓದಿಕೊಂಡ, ಅನುಕೂಲಸ್ಥ ಜನ. ವಿಷಯ ಹೆತ್ತವರ ಕಿವಿಗೆ ಬಿದ್ದ ಮನೆಗಳಷ್ಟೇ ಲೆಕ್ಕಕ್ಕೆ ಬಂದವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಫೋಟೊವನ್ನು ಯಾರೋ ಸ್ಟಿಕ್ಕರ್ ಮಾಡುತ್ತಾರೆ. ಕ್ಲಾಸ್ ಗ್ರೂಪಿನಲ್ಲಿ ರಾತ್ರಿಯೆಲ್ಲ ಅದೇ ಓಡುತ್ತದೆ. ಮರುದಿನ ಹೆಸರಿಲ್ಲದ ಕನ್ಫೆಷನ್ ಪೇಜಿನಲ್ಲಿ ಅವಳ ಬಗ್ಗೆ ಕೊಳಕು ಸಾಲೊಂದು ಕಾಣಿಸಿಕೊಳ್ಳುತ್ತದೆ. ಅವಳು ಅಮ್ಮನಿಗೆ ಹೇಳುವುದಿಲ್ಲ. ‘ನಿನ್ ಕೈಗೆ ಮೊಬೈಲ್ ಕೊಟ್ಟಿದ್ದೇ ತಪ್ಪಾಯ್ತು, ತಾ ಇಲ್ಲಿ’ ಎಂಬ ಉತ್ತರ ಅವಳಿಗೆ ಮೊದಲೇ ಗೊತ್ತು.

ಕಡಿಮೆ ಸಂಖ್ಯೆ ಎಂದರೆ ಕಿರುಕುಳ ಕಡಿಮೆ ಎಂದಲ್ಲ ಎಂಬ ಪಾಠವನ್ನು ಜಪಾನ್ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 2011ರಲ್ಲಿ ಓತ್ಸು ನಗರದ 13 ವರ್ಷದ ಬಾಲಕನೊಬ್ಬ ಸಹಪಾಠಿಗಳ ಹಿಂಸೆ ತಾಳದೆ ಜೀವ ಬಿಟ್ಟ. ಶಾಲೆಯೂ ಶಿಕ್ಷಣ ಮಂಡಳಿಯೂ ವಿಷಯ ಮುಚ್ಚಿಡಲು ನೋಡಿದ್ದು ಮರುವರ್ಷ ಬಯಲಾಗಿ ದೇಶವೇ ರೊಚ್ಚಿಗೆದ್ದಿತು. ಶಾಲೆಗಳು ಒಪ್ಪಿಕೊಂಡ ಕಿರುಕುಳ ಪ್ರಕರಣಗಳು ಒಂದೇ ವರ್ಷದಲ್ಲಿ ಸುಮಾರು 70 ಸಾವಿರದಿಂದ 1.98 ಲಕ್ಷಕ್ಕೆ ಏರಿದವು. ಮಕ್ಕಳು ಏಕಾಏಕಿ ಮೂರು ಪಟ್ಟು ಕ್ರೂರಿಗಳಾದರೇ? ಶಾಲೆಗಳು ಕಣ್ಣು ಬಿಟ್ಟವು, ಅಷ್ಟೇ. 2013ರಲ್ಲಿ ಅಲ್ಲಿ ಬಂದ ಕಿರುಕುಳ ತಡೆ ಕಾನೂನು ಇಂಟರ್ನೆಟ್ ಮೂಲಕ ಕೊಡುವ ಕಿರುಕುಳವನ್ನೂ ವ್ಯಾಖ್ಯೆಯೊಳಗೆ ಸೇರಿಸಿತು. 2018ರಲ್ಲಿ, ಇಪ್ಸೋಸ್ ಪಟ್ಟಿಯ ತಳದಲ್ಲಿದ್ದ ಅದೇ ವರ್ಷ, ಅಲ್ಲಿನ ಶಾಲೆಗಳು ದಾಖಲಿಸಿದ ಒಟ್ಟು ಕಿರುಕುಳ ಪ್ರಕರಣಗಳು 5 ಲಕ್ಷ ದಾಟಿದ್ದವು. ಅಲ್ಲಿನ ಶಿಕ್ಷಣ ಸಚಿವಾಲಯ ಇದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಒಂದೂ ಪ್ರಕರಣವಿಲ್ಲ ಎನ್ನುವ ಶಾಲೆಯನ್ನೇ ಅದು ಅನುಮಾನದಿಂದ ನೋಡುತ್ತದೆ.

ಹೆತ್ತವರನ್ನು ಬಿಟ್ಟು ಮಕ್ಕಳನ್ನೇ ಕೇಳುವ ಸಮೀಕ್ಷೆಯೂ ಇದೆ. ಯುರೋಪ್, ಮಧ್ಯ ಏಷ್ಯಾ ಮತ್ತು ಕೆನಡಾದ 44 ದೇಶ-ಪ್ರದೇಶಗಳಲ್ಲಿ 11, 13, 15 ವರ್ಷದ ಮಕ್ಕಳನ್ನೇ ಕೇಳಿ ವಿಶ್ವ ಆರೋಗ್ಯ ಸಂಸ್ಥೆ ವರದಿ ಕೊಡುತ್ತದೆ. ಆರರಲ್ಲಿ ಒಂದು ಮಗು ಆನ್‌ಲೈನ್ ಕಿರುಕುಳ ಅನುಭವಿಸಿದೆ ಎಂದು 2024ರ ವರದಿ ಹೇಳಿತು. ಆ ಪಟ್ಟಿಯಲ್ಲಿ ನಾವಿಲ್ಲ.

ನಮ್ಮ ಶಿಕ್ಷಣ ಇಲಾಖೆ ಪ್ರತಿವರ್ಷ ಮಕ್ಕಳನ್ನೇ ಕೇಳಲಿ. ಹೆಸರು ಬರೆಸಬಾರದು, ಟೀಚರ್ ಬೆನ್ನ ಹಿಂದೆ ನಿಂತಿರಬಾರದು. ತಾಲ್ಲೂಕುವಾರು ಅಂಕಿಅಂಶ ಪ್ರಕಟವಾಗಲಿ. ಸಂಖ್ಯೆ ಏರಿದ್ದಕ್ಕೆ ಯಾವ ಮುಖ್ಯೋಪಾಧ್ಯಾಯರಿಗೂ ನೋಟಿಸ್ ಹೋಗಕೂಡದು, ಹೋದರೆ ಮರುವರ್ಷ ಎಲ್ಲರೂ ಸೊನ್ನೆ ತುಂಬಿ ಕಳಿಸುತ್ತಾರೆ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎಂದು ಬರೆದುಕೊಟ್ಟ ಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೊದಲು ಹೋಗಬೇಕು, ಹೋಗಿ ಮಕ್ಕಳ ಜೊತೆ ಕೂತು ಮಾತಾಡಬೇಕು.