ಹೆಣ್ಣುಮಕ್ಕಳಿಗೆ ಆಟದ ಅಂಗಳ ಬೇಡವೇ?

ಹೋಬಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ವಿಭಾಗ ಹಾಗೂ ರಾಜ್ಯ ಮಟ್ಟಕ್ಕೆ ಏರುವುದು ನಮ್ಮ ಶಾಲಾ ಕ್ರೀಡಾಕೂಟಗಳ ಕ್ರಮ. ಆದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸುತ್ತಲಿನ ಧರ್ಮಕೇಂದ್ರಗಳ ಹೆಣ್ಣುಮಕ್ಕಳಲ್ಲಿ ಅನೇಕರು ಈ ಏಣಿಯ ಮೊದಲ ಮೆಟ್ಟಿಲನ್ನೇ ತುಳಿಯುತ್ತಿಲ್ಲವೆಂಬುದನ್ನು ನಾವು ಖೇದದಿಂದ ಗಮನಿಸುತ್ತಿದ್ದೇವೆ. ಶಾಲೆಯ ಮುಖ್ಯ ತಂಡಕ್ಕೆ ಹೇಗೋ ಆಟಗಾರ್ತಿಯರು ದೊರೆಯುತ್ತಾರೆ. ಕಿರಿಯರ ತಂಡಕ್ಕೆ ದೊರೆಯುವುದಿಲ್ಲ.

ಕಬಡ್ಡಿಯ ಅಂಕಣಕ್ಕೆ ಏಳು ಮಂದಿ ಬೇಕು, ಖೋ ಖೋ ಆಟಕ್ಕೆ ಒಂಬತ್ತು. ಇಬ್ಬರು ಬಾರದಿದ್ದರೆ ನಷ್ಟ ಆ ಇಬ್ಬರದಷ್ಟೇ ಅಲ್ಲ. ಆಸೆಯಿಂದ ಬಂದ ಏಳು ಮಂದಿಯೂ ಆಡದೆ ಮರಳಬೇಕಾಗುತ್ತದೆ. ಆದ್ದರಿಂದ ಮಗಳನ್ನು ಆಟಕ್ಕೆ ಕಳುಹಿಸುವುದು, ಬಿಡುವುದು ಒಂದು ಮನೆಯ ಖಾಸಗಿ ವಿಚಾರವೆಂದು ನಾವು ಭಾವಿಸಲಾರೆವು.

ದೋಷ ಮಕ್ಕಳದಲ್ಲ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಮರಳುವವರೆಗೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಹಿರಿಯ ಮಗಳು. ಸಾಫ್ಟ್‌ವೇರ್ ಉದ್ಯೋಗಿಗಳ ಮನೆಯಲ್ಲಾದರೋ ಸಂಜೆಯನ್ನೆಲ್ಲ ಟ್ಯೂಷನ್ ನುಂಗುತ್ತದೆ. ಕತ್ತಲಾದ ಮೇಲೆ ಲಾರಿಗಳೋಡುವ ರಸ್ತೆಯಲ್ಲಿ ಮಗಳು ಒಬ್ಬಳೇ ಬರಬೇಕಲ್ಲ ಎಂಬ ಭಯ ಎರಡೂ ಮನೆಗಳಿಗೆ ಸಮಾನ. ಶಾಲೆಗೆ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಆದರೂ ಮೈದಾನವಿರುವಲ್ಲಿಯೂ ಅದು ಬಹುಪಾಲು ಹುಡುಗರ ಕ್ರಿಕೆಟ್ಟಿಗೇ ಮೀಸಲು.

“ಹತ್ತನೆಯ ತರಗತಿಯ ಅಂಕಗಳೇ ಮುಖ್ಯವಲ್ಲವೇ, ಸ್ವಾಮಿ?” ಎಂದು ಪೋಷಕರು ಕೇಳುತ್ತಾರೆ. ಅಂಕಗಳು ಬೇಕು, ನಿಜ. ಆದರೆ ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ 2019ರ ವರದಿಯಂತೆ, ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ಶೇಕಡ 85 ಮಂದಿಗೆ ಇಷ್ಟು ದೊರೆಯುತ್ತಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇಕಡ 78. ಸಂತ ತೋಮಾಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ, ಹಿತಮಿತವಾದ ಆಟವಿನೋದಕ್ಕೂ ಸದ್ಗುಣಗಳ ಸಾಲಿನಲ್ಲಿ ಸ್ಥಾನ ನೀಡಿದರು. ದೇಹಕ್ಕೆ ದಣಿವಾದಾಗ ವಿಶ್ರಾಂತಿ ಬೇಕಾದಂತೆ ಮನಸ್ಸಿಗೆ ಆಟ ಬೇಕೆಂಬುದು ಅವರ ತರ್ಕ. ಆ ಮನಸ್ಸು ಹುಡುಗನಿಗೆ ಮಾತ್ರ ಇರುವುದೇ?

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಎಲ್ಲ ಮಕ್ಕಳೂ ಅಷ್ಟು ದೂರ ಹೋಗಬೇಕೆಂದಲ್ಲ. ಗೆಲ್ಲದವಳಿಗೂ ಆಡುವ ಹಕ್ಕಿದೆ ಎಂಬುದೇ ನಮ್ಮ ಮಾತು.

ಮಾಡಬಹುದಾದದ್ದು ಕಷ್ಟವಲ್ಲ. ದೇವಾಲಯದ ಅಂಗಳವನ್ನು ವಾರದಲ್ಲಿ ಒಂದು ಸಂಜೆ ಹುಡುಗಿಯರಿಗಾಗಿಯೇ ಬಿಟ್ಟುಕೊಡೋಣ. ಪಂದ್ಯವಿರುವ ಭಾನುವಾರ ಜ್ಞಾನೋಪದೇಶದ ವೇಳೆಯನ್ನು ಬದಲಿಸೋಣ. ನೆರೆಹೊರೆಯ ತಾಯಂದಿರು ಸರದಿಯಂತೆ ಮಕ್ಕಳನ್ನು ಕರೆದೊಯ್ದು ಕರೆತರಲಿ. ಮನೆಯ ಕೂಸುಗಳನ್ನು ಅಷ್ಟು ಹೊತ್ತು ಅಣ್ಣಂದಿರು ನೋಡಿಕೊಳ್ಳಲಿ. ತಂದೆಯರೇ, ಒಂದು ದಿನವಾದರೂ ಅಂಕಣದ ಬದಿಯಲ್ಲಿ ನಿಂತು ಮಗಳ ಆಟವನ್ನು ನೋಡಿರಿ. ಮುಂದಿನ ವಾರ ಅವಳು ತಾನಾಗಿಯೇ ಬರುವಳು, ಗೆಳತಿಯೊಬ್ಬಳನ್ನೂ ಕರೆತರುವಳು.