ಕಂಬಕ್ಕೆ ಬಂದ ಬೆಲೆ ಮನೆಗೆ ಬರಲಿಲ್ಲ

ಹಳೆಯ ಮನೆಗಳಿಗೆ ಈಗ ಒಳ್ಳೆಯ ಕಾಲ ಬಂದಿದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಲೆ ಬಂದಿರುವುದು ಮನೆಗಲ್ಲ. ಅದರ ಕಂಬಕ್ಕೆ, ಬೋದಿಗೆಗೆ, ಕೆತ್ತನೆಯ ಬಾಗಿಲಿಗೆ. ಹಳೇ ದಾವಣಗೆರೆಯ ಓಣಿಗಳಲ್ಲೋ, ಹರಿಹರೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲೋ ಒಮ್ಮೆ ನಡೆದು ನೋಡಿ. ಪಡಸಾಲೆಯ ಮಾಳಿಗೆ ಮನೆ ಇದ್ದ ಕಡೆ ಕಾಂಪ್ಲೆಕ್ಸ್ ಎದ್ದಿದೆ. ಆ ಮನೆಯ ತೇಗದ ಕಂಬಗಳು ದೂರದ ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಂತು ಬಂದವರಿಗೆ ಸ್ವಾಗತ ಹೇಳುತ್ತಿವೆ.

ನಮ್ಮ ಸೀಮೆಯ ಮಾಳಿಗೆ ಮನೆ ಅರಮನೆಯೇನಲ್ಲ. ಎರಡು ಮೊಳ ದಪ್ಪದ ಗೋಡೆ, ತೊಲೆ, ಜಂತಿ, ಮೇಲೆ ಹಲಗೆ, ಅದರ ಮೇಲೆ ಕರ್ಲು ಮಣ್ಣಿನ ಹಾಸು. ಬೆಳಕಿಗೆ ಗವಾಕ್ಷಿ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲು ಗೊತ್ತಿದ್ದವರಿಗೆ ಆ ಗೋಡೆಗಳ ತಂಪಿನ ಬೆಲೆಯೂ ಗೊತ್ತು. ಆದರೆ ಅದು ತಾನಾಗಿ ನಿಲ್ಲುವ ಮನೆಯಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಬೇಕು, ಹಬ್ಬಕ್ಕೆ ಸುಣ್ಣ ಬಳಿಯಬೇಕು, ನೆಲ ಸಾರಿಸಬೇಕು. ಇದರಲ್ಲಿ ಬಹುಪಾಲು ಮಾಡಿದವರು ಯಾರು? ಹೆಂಗಸರು. ಮನೆ ಕಟ್ಟಿಸಿದವರ ಹೆಸರು ಬಾಗಿಲ ಮೇಲಿತ್ತು, ನೂರು ವರ್ಷ ನಿಲ್ಲಿಸಿದವರ ಹೆಸರು ಎಲ್ಲಿಯೂ ಇಲ್ಲ.

ನನ್ನ ತಾಯಿಯ ತೌರುಮನೆ ಹರಿಹರದಲ್ಲಿತ್ತು. 2003ರಲ್ಲಿ ಅದನ್ನು ಮಾರಿದರು. ಕಂಬ, ಬಾಗಿಲು ಒಬ್ಬರಿಗೆ, ಜಾಗ ಇನ್ನೊಬ್ಬರಿಗೆ. ಅಮ್ಮನನ್ನೂ ಚಿಕ್ಕಮ್ಮಂದಿರನ್ನೂ ಕರೆದದ್ದು ಸಹಿ ಹಾಕಲಿಕ್ಕೆ. ಊಟ ಹಾಕಿ, ಅರಿಶಿನ ಕುಂಕುಮ ಕೊಟ್ಟು, ತಲೆಗೊಂದು ಸೀರೆ ಉಡಿಸಿ, ಹಕ್ಕು ಬಿಟ್ಟ ಪತ್ರ ಮುಂದಿಟ್ಟರು. ‘ಅಣ್ಣತಮ್ಮಂದಿರ ಹತ್ತಿರ ಲೆಕ್ಕ ಕೇಳ್ತೀರಾ?’ ಎಂದರು. ಯಾರೂ ಕೇಳಲಿಲ್ಲ. ತೌರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ. ಮುಚ್ಚುವ ಮಾತೇನು ಬಂತು, ಬಾಗಿಲನ್ನೇ ಕಿತ್ತು ಲಾರಿಗೆ ಹೇರಿದ್ದರು!

ಕಾನೂನು ಕೂಡ ಆಗ ನಮ್ಮ ಕಡೆ ಪೂರ್ತಿ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕು ಕೊಟ್ಟಿತು. ಆದರೆ ಅದರ 23ನೇ ಕಲಮಿನ ಪ್ರಕಾರ, ಕುಟುಂಬ ವಾಸಿಸುತ್ತಿದ್ದ ಮನೆಯನ್ನು ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ಭಾಗ ಕೇಳುವಂತಿರಲಿಲ್ಲ. ಹೊಲ ಕೇಳಬಹುದು, ಹುಟ್ಟಿದ ಮನೆ ಕೇಳಬಾರದು! ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 23ನೇ ಕಲಮು ಹೋದದ್ದು 2005ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅದಕ್ಕೆ ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 2020ರಲ್ಲಿ.

‘ಹೊಗೆ ತುಂಬಿದ ಅಡುಗೆಮನೆ, ಮುಟ್ಟಾದವರನ್ನು ಕೂರಿಸುವ ಮೂಲೆ, ಅದೆಲ್ಲ ಬೇಕೇ ನಿಮಗೆ?’ ಎಂದು ಜೊತೆಯ ಶಿಕ್ಷಕಿಯೊಬ್ಬರು ಕೇಳಿದರು. ಬೇಡ. ಆ ಮೂಲೆಯನ್ನು ಒಡೆಯಿರಿ, ಒಲೆಯನ್ನು ತೆಗೆಯಿರಿ, ಒಳಗೇ ಬಚ್ಚಲು ಕಟ್ಟಿಸಿ. ಅದಕ್ಕಾಗಿ ಮನೆಯನ್ನೇ ನೆಲಸಮ ಮಾಡಬೇಕೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೇ?

ಸ್ವೀಡನ್ನಿನ ಹೆಲ್ಸಿಂಗ್‌ಲ್ಯಾಂಡಿನಲ್ಲಿ ರೈತರು ಕಟ್ಟಿದ ಮರದ ಮನೆಗಳಿವೆ. ಹಬ್ಬ, ಮದುವೆಗೆಂದೇ ಚಿತ್ರ ಬರೆಸಿದ ಕೋಣೆಗಳು ಅಲ್ಲಿವೆ. ಅವುಗಳಲ್ಲಿ ಏಳು ಮನೆಗಳನ್ನು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಸ್ಮಾರಕವೆಂದು ಘೋಷಿಸಿದ ಮನೆಯನ್ನು ಆ ದೇಶದಲ್ಲಿ ಮಾರಬಹುದು, ಕೊಳ್ಳಬಹುದು. ಒಡೆಯ ಬದಲಾದರೂ ಕಟ್ಟುಪಾಡು ಬದಲಾಗುವುದಿಲ್ಲ, ಅಪ್ಪಣೆಯಿಲ್ಲದೆ ರೂಪ ಕೆಡಿಸುವಂತಿಲ್ಲ. ಅಲ್ಲಿ ಮಾರಾಟವೆಂದರೆ ಮನೆಗೆ ಹೊಸ ಒಡೆಯ ಸಿಗುವುದು. ನಮ್ಮಲ್ಲಿ ಮಾರಾಟವೆಂದರೆ ಮನೆಯ ತಿಥಿ.

ನಮ್ಮಲ್ಲೂ ಒಬ್ಬರು ಒದ್ದಾಡಿದರು. ಮಣಿಪಾಲದ ವಿಜಯನಾಥ ಶೆಣೈಯವರು ಬೀಳುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಕನೂರಿನ ಕಮಲ್ ಮಹಲ್ ಅಲ್ಲಿವೆ. ದೊಡ್ಡ ಕೆಲಸ. ಆದರೆ ಊರೂರಿನ ಮನೆಗಳೆಲ್ಲ ಮಣಿಪಾಲಕ್ಕೆ ಹೋಗಲಾರವು. ಮನೆ ತನ್ನ ಬೀದಿಯಲ್ಲಿ, ಒಳಗೆ ಒಲೆ ಉರಿಯುತ್ತ ಉಳಿಯಬೇಕು.

ಹರಿಹರದಲ್ಲಿ ಪೊಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಗುಡಿಗೆ ಕಾವಲಿದೆ. ಪಕ್ಕದ ಬೀದಿಯ ಮನೆಗೆ ಏನಿದೆ? ನೂರು ವರ್ಷ ದಾಟಿದ, ಕಟ್ಟಡದಿಂದ ಕಿತ್ತ ವಸ್ತುವೂ ಪ್ರಾಚ್ಯವಸ್ತುವೇ ಎಂದು 1972ರ ಕಾಯ್ದೆ ಹೇಳುತ್ತದೆ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಲಾರಿ ನಿಲ್ಲಿಸಿ ಲೈಸೆನ್ಸ್ ಕೇಳಿದವರನ್ನು ನಾನಂತೂ ಕಂಡಿಲ್ಲ. ನಗರಸಭೆ, ಪಾಲಿಕೆಗಳು ತಮ್ಮ ಊರಿನ ಹಳೆಯ ಮನೆಗಳ ಪಟ್ಟಿ ಮಾಡಲಿ. ಉಳಿಸಿಕೊಂಡವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡಲಿ. ಕೆಡವಲು ಅರ್ಜಿ ಕೊಟ್ಟವರಿಗೆ ಮೊದಲು ದುರಸ್ತಿಯ ದಾರಿ ತೋರಿಸಲಿ.

ಅವರು ಮಾಡುವವರೆಗೆ ನಾವು ಸುಮ್ಮನಿರಬೇಕಿಲ್ಲ. ಅಕ್ಕತಂಗಿಯರೇ, ನಿಮ್ಮ ಮುಂದೆ ಕಾಗದ ಬಂದಾಗ ಪೂರ್ತಿ ಓದಿ. ಮನೆ ಯಾರಿಗೆ ಹೋಗುತ್ತಿದೆ, ಅವರು ಅದರಲ್ಲಿ ಬಾಳುತ್ತಾರೋ ಕೆಡವುತ್ತಾರೋ, ನಿಮ್ಮ ಪಾಲೆಷ್ಟು, ಎಲ್ಲವನ್ನೂ ಕೇಳಿ. ಉತ್ತರ ಸಿಗುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ. ಮುನಿಸಿಕೊಂಡ ಅಣ್ಣತಮ್ಮಂದಿರನ್ನು ಮುಂದಿನ ಹಬ್ಬಕ್ಕೆ ಕರೆದು ಒಲಿಸಿಕೊಳ್ಳಬಹುದು. ಲಾರಿ ಹತ್ತಿದ ಕಂಬವನ್ನು ಯಾವ ಹಬ್ಬಕ್ಕೂ ಕರೆಯಲಾಗುವುದಿಲ್ಲ.